ಮೊದಲ ಕತ್ತಿಗೆ ಬೇಕಾದದ್ದು ಹದ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕೃಷಿಕರ ಮನೆಗಳಲ್ಲಿ ಒಂದೇ ಕತ್ತಿಯಿಂದ ಕೆಲಸ ಸಾಗುವುದಿಲ್ಲ. ಅಡಕೆ ಸುಲಿಯಲು, ತರಕಾರಿ ಹೆಚ್ಚಲು ಮೆಟ್ಟುಕತ್ತಿ, ಹುಲ್ಲಿಗೆ ಹಲ್ಲುಕತ್ತಿ, ಸೊಪ್ಪು ಸೌದೆಗೆ ದೊಡ್ಡ ಕತ್ತಿ, ಸಣ್ಣಪುಟ್ಟ ಕೆಲಸಕ್ಕೆ ಪೀಶಕತ್ತಿ. ಇವೆಲ್ಲ ಊರಿನ ಆಚಾರಿಯ ಕುಲುಮೆಯಿಂದ ಬರುತ್ತಿದ್ದವು. ಈಗ ತಾವೇ ಒಂದು ಕತ್ತಿ ಮಾಡಿ ನೋಡಬೇಕೆಂಬ ಆಸೆ ಕೆಲವರಲ್ಲಿ ಹುಟ್ಟಿದೆ. ಒಳ್ಳೆಯ ಆಸೆಯೇ. ಆದರೆ ತಿದಿ, ಅಡಿಗಲ್ಲು, ಸುತ್ತಿಗೆ ಹೊಂದಿಸುವುದರಲ್ಲೇ ದಣಿದುಬಿಡುವ ಅಪಾಯವಿದೆ. ಬಡಿಯುವುದನ್ನು ಆಮೇಲೆ ಕಲಿತರೂ ಸಾಕು, ಹೊಸಬರು ಮೊದಲು ಕಲಿಯಬೇಕಾದದ್ದು ಹದ ಹಾಕುವುದನ್ನು ಎಂಬುದು ನನ್ನ ಅಭಿಪ್ರಾಯ.

ಲಾರಿಯ ಸ್ಪ್ರಿಂಗ್ ಪ್ಲೇಟಿನ ಒಂದು ತುಂಡೇ ಇದಕ್ಕೆ ಸಾಕ್ಷಿ. ಈ ಉಕ್ಕಿನಲ್ಲಿ ಇಂಗಾಲ ಸುಮಾರು ಅರ್ಧ ಶೇಕಡಾದಷ್ಟಿರುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹುಗಿದು ನಿಧಾನ ಆರಲು ಬಿಟ್ಟರೆ ಅರ ಸಲೀಸಾಗಿ ಉಜ್ಜುತ್ತದೆ. ಹೀಗೆ ಉಜ್ಜಿಯೇ ಕತ್ತಿಯ ಆಕಾರ ಕೊಡಬಹುದು, ಬಾಯಿಯ ಅಂಚು ಮಾತ್ರ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿದಿರಲಿ. ಮತ್ತೆ ಕಾಯಿಸಿ: ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದರೆ ಅದೇ ಅರ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಅಷ್ಟು ಗಟ್ಟಿಯಾದ ಅಲಗು ನೆಲಕ್ಕೆ ಬಿದ್ದರೆ ಮುರಿದೀತು. ಅದನ್ನು 200 ಡಿಗ್ರಿಯ ಒಲೆಯಲ್ಲಿ ಒಂದೆರಡು ಗಂಟೆ ಇಟ್ಟು ತೆಗೆದರೆ ಹರಿತವೂ ನಿಲ್ಲುತ್ತದೆ, ಅಲಗೂ ಬಾಳುತ್ತದೆ. ಕಬ್ಬಿಣ ಅದೇ, ಆಕಾರ ಅದೇ, ಬದಲಾದದ್ದು ಶಾಖ ಮಾತ್ರ.

ಕುಲುಮೆಯಲ್ಲಿ ಇದೇ ಕೆಲಸ ಥರ್ಮಾಮೀಟರ್ ಇಲ್ಲದೆ ನಡೆಯುತ್ತದೆ. ಗೆರಟೆ ಇದ್ದಲಿನ ಕೆಂಡದಿಂದ ತೆಗೆದ ಕತ್ತಿಯ ಬಾಯನ್ನಷ್ಟೇ ನೀರಿಗೆ ಮುಟ್ಟಿಸಿ ಎತ್ತುತ್ತಾರೆ. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯತ್ತ ಇಳಿಯುವಾಗ ಉಜ್ಜಿದ ಜಾಗದಲ್ಲಿ ತೆಳು ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಒಂದರ ಹಿಂದೊಂದು ಹರಿದು ಬರುತ್ತವೆ. ಹಳದಿ ಬಾಯಿಗೆ ತಲುಪಿತೋ, ಪೂರ್ತಿ ನೀರಿಗೆ. ನೀಲಿ ತಲುಪಿದರೆ ಬಾಯಿ ಮೆತ್ತಗಾಯಿತು ಎಂದೇ ಲೆಕ್ಕ. ಗ್ರೈಂಡರಿನಲ್ಲಿ ಅವಸರ ಮಾಡಿದಾಗ ಹೊಸ ಕತ್ತಿ ಕೆಡುವುದೂ ಇದರಿಂದಲೇ.

ಬಡಿಯದೆ ಮಾಡಿದ್ದು ಕತ್ತಿಯೇ ಎಂದು ಕೇಳುವವರಿದ್ದಾರೆ. ಅದಿರಿನಿಂದ ಊರಲ್ಲೇ ಕಬ್ಬಿಣ ತೆಗೆಯುತ್ತಿದ್ದ ಕಾಲದಲ್ಲಿ ಕಿಟ್ಟ ಹೊರಹಾಕಲು ಬಡಿಯಲೇಬೇಕಿತ್ತು. ಇಂದಿನ ಕಾರ್ಖಾನೆಯ ಉಕ್ಕಿಗೆ ಆ ಅಗತ್ಯವಿಲ್ಲ. ಮೆಟ್ಟುಕತ್ತಿಯ ಬಾಗಿಗೆ ಸುತ್ತಿಗೆ ಬೇಕೇ ಬೇಕು, ನಿಜ. ಆದರೆ ಅದು ಮೊದಲ ಕತ್ತಿಯ ಕೆಲಸವಲ್ಲ. ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕಿರಬಹುದು ಎಂಬ ಆಕ್ಷೇಪವಂತೂ ಸರಿಯಾದದ್ದೇ, ಹೊಸ ಉಕ್ಕು ಸಿಕ್ಕಿದರೆ ಅದನ್ನೇ ಬಳಸಿ. ಕಾನೂನಿನ ಭಯವೂ ಇದೆ. ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧವೆಂದು ಎಣಿಸಿದರೂ ಮನೆ, ಕೃಷಿ ಬಳಕೆಯವನ್ನು ಹೊರಗಿಟ್ಟಿವೆ. ನಾಲ್ಕಿಂಚಿನ ಪೀಶಕತ್ತಿಗೆ ಆ ಚಿಂತೆಯೇ ಬೇಡ.

ಎಣ್ಣೆಗೆ ಬೆಂಕಿ ಹಿಡಿಯಬಹುದು. ಲೋಹದ ಪಾತ್ರೆ, ಮುಚ್ಚಳ ಪಕ್ಕದಲ್ಲಿರಲಿ, ಕೆಲಸ ಅಂಗಳದಲ್ಲಾಗಲಿ. ಅದಕ್ಕಿಂತ ಮೊದಲು, ನಿಮ್ಮೂರಲ್ಲಿ ಇನ್ನೂ ಕುಲುಮೆ ಉರಿಯುತ್ತಿದ್ದರೆ ಅಲ್ಲಿಗೆ ಒಂದು ಕತ್ತಿ ಕೊಂಡೊಯ್ದು, ಆಚಾರಿ ಕೇಳಿದ ಕೂಲಿ ಕೊಟ್ಟು, ಹದ ಹಾಕುವುದನ್ನು ಪಕ್ಕದಲ್ಲೇ ನಿಂತು ನೋಡಿ.