ಕುರಿ ಬಂದ ದಾರಿಯೂ ಹಲಾಲ್ ಆಗಿರಲಿ



ಬಕ್ರೀದ್ ಹತ್ತಿರವಾದಂತೆ ಜುಮಾ ಮುಗಿಸಿ ಹೊರಬರುವಾಗ ಮಸೀದಿಯ ಅಂಗಳದಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: "ಹಝ್ರತ್, ಮಟನ್ ಬೆಲೆ ಹೀಗೆ ಏರುತ್ತಿರುವುದೇಕೆ? ನಮ್ಮ ಕುರಿಗಳೆಲ್ಲ ಗಲ್ಫ್‌ಗೆ ಹೋಗುತ್ತವಂತೆ, ನಿಜವೇ?" ಕೇಳಿದ ಸುದ್ದಿಯನ್ನು ವಿಚಾರಿಸದೆ ಹರಡಬಾರದು ಎಂಬುದು ನಮಗೆ ಕಲಿಸಲಾದ ಪಾಠ. ಆದ್ದರಿಂದ ಈ ಬಾರಿಯ ಖುತ್ಬಾದಲ್ಲಿ ಈ ವಿಷಯವನ್ನೇ ಎತ್ತಿಕೊಂಡೆವು. ಅದರ ಸಾರ ಇಲ್ಲಿದೆ.

ನಮ್ಮ ಕುರಿಗಳು ಎಲ್ಲಿಗೆ ಹೋಗುತ್ತವೆ?

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 7.4 ಕೋಟಿ ಕುರಿಗಳೂ 14.9 ಕೋಟಿ ಆಡುಗಳೂ ಇದ್ದವು. ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ ಮತ್ತು ಆಂಧ್ರದ ನಂತರ ನಮ್ಮ ಕರ್ನಾಟಕಕ್ಕೆ ಮೂರನೇ ಸ್ಥಾನ, ಇಲ್ಲಿದ್ದದ್ದು 1.1 ಕೋಟಿ. ಭಾರತದಿಂದ ಗಲ್ಫ್ ದೇಶಗಳಿಗೆ ಕುರಿ, ಆಡಿನ ಮಾಂಸ ಹೋಗುವುದು ನಿಜ. ಆದರೆ ಈಚಿನ ವರ್ಷಗಳಲ್ಲಿ ಅದು ದೇಶದ ಉತ್ಪಾದನೆಯ ಶೇಕಡಾ 1ಕ್ಕಿಂತಲೂ ಕಡಿಮೆ. ಭಾರತ ದೊಡ್ಡ ಪ್ರಮಾಣದಲ್ಲಿ ರಫ್ತು ಮಾಡುವುದು ಎಮ್ಮೆ, ಕೋಣಗಳ ಮಾಂಸವನ್ನು. ಕುರಿ, ಆಡಿನ ಮಾಂಸವನ್ನು ಬಹುಮಟ್ಟಿಗೆ ತಿನ್ನುವವರು ನಾವೇ. ತಿನ್ನುವವರು ಹೆಚ್ಚಿದ್ದಾರೆ, ಗೋಮಾಳಗಳು ಕಿರಿದಾಗಿವೆ, ಮೇವು ದುಬಾರಿಯಾಗಿದೆ, ಕುರಿಗಾಹಿಯ ಮಗ ಪಟ್ಟಣದಲ್ಲಿ ಕೆಲಸ ಹುಡುಕುತ್ತಾನೆ. ಬೆಲೆಯ ಕಾರಣ ಇಲ್ಲೇ ಇರುವಾಗ ದೂರದ ಅರಬ್ ದೇಶಗಳನ್ನು ದೂರುವುದು ಸರಿಯಲ್ಲ.

ಗಲ್ಫ್‌ಗೆ ಮಾಂಸ ಎಲ್ಲಿಂದ?

ಭಟ್ಕಳ, ಮಂಗಳೂರಿನ ಎಷ್ಟೋ ಕುಟುಂಬಗಳ ಮಕ್ಕಳು ದುಬೈ, ದೋಹಾಗಳಲ್ಲಿದ್ದಾರೆ. ಅಲ್ಲಿನ ಅಂಗಡಿಯಲ್ಲಿ ಅವರು ಕೊಳ್ಳುವ ಮಟನ್ ಅನೇಕ ಸಲ ಆಸ್ಟ್ರೇಲಿಯಾದ್ದು. ಜಗತ್ತಿನ ಕುರಿ ಮಾಂಸದ ರಫ್ತಿನಲ್ಲಿ ಬಹುಪಾಲು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳದ್ದೇ. 1882ರಲ್ಲಿ 'ಡನೀಡಿನ್' ಎಂಬ ಹಡಗು ಸುಮಾರು 5,000 ಕುರಿಗಳ ಮಾಂಸವನ್ನು ಹೆಪ್ಪುಗಟ್ಟಿಸಿ, ನ್ಯೂಜಿಲೆಂಡ್‌ನಿಂದ ಲಂಡನ್‌ಗೆ 98 ದಿನಗಳಲ್ಲಿ ಕೆಡದಂತೆ ತಲುಪಿಸಿತು. ಈ ವ್ಯಾಪಾರ ಬೆಳೆದದ್ದು ಅಲ್ಲಿಂದ.

ಇಂದು ಒಂದೇ ಕುರಿ ಹಲವು ದೇಶಗಳಿಗೆ ಹಂಚಿಹೋಗುತ್ತದೆ. ಪಕ್ಕೆಲುಬಿನ ದುಬಾರಿ ಭಾಗ ಅಮೆರಿಕಕ್ಕೆ, ತೊಡೆ ಯುರೋಪಿಗೆ, ಎದೆ ಮತ್ತು ಹೊಟ್ಟೆಯ ಕೊಬ್ಬು ಬೆರೆತ ಅಗ್ಗದ ಭಾಗ ಚೀನಾಕ್ಕೆ. ಕುರಿ ಮಾಂಸದ ಉತ್ಪಾದನೆಯಲ್ಲೂ ಆಮದಿನಲ್ಲೂ ಚೀನಾವೇ ಮುಂದು. ಗಲ್ಫ್ ದೇಶಗಳು ಇಡೀ ಕುರಿಯ ಮಾಂಸವನ್ನು ತಂಪುಗೊಳಿಸಿ ವಿಮಾನದಲ್ಲಿ ತರಿಸಿಕೊಳ್ಳುತ್ತವೆ. ಇದಕ್ಕಾಗಿ ಅಲ್ಲಿನ ಕಸಾಯಿಖಾನೆಗಳಲ್ಲಿ ಮುಸ್ಲಿಮರೇ ಝಬಹ್ ಮಾಡುತ್ತಾರೆ. ಇಸ್ಲಾಮೀ ಸಂಸ್ಥೆಗಳು ಹಲಾಲ್ ಪ್ರಮಾಣಪತ್ರ ಕೊಡುತ್ತವೆ. ಕೊಯ್ಯುವ ಮೊದಲು ವಿದ್ಯುತ್ತಿನಿಂದ ಮೂರ್ಛೆಗೊಳಿಸುವ ಕ್ರಮದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನಿಮಗೆ ಭರವಸೆಯಿರುವ ಆಲಿಮರನ್ನು ಕೇಳಿ ನಡೆದುಕೊಳ್ಳಿ.

ಕಡಲಲ್ಲಿ ಸಿಕ್ಕಿಬಿದ್ದ ಕುರಿಗಳು

ಮಾಂಸವಲ್ಲದೆ ಜೀವಂತ ಕುರಿಗಳೂ ಹಡಗು ಹತ್ತಿ ಬರುತ್ತವೆ. 2003ರಲ್ಲಿ 'ಕಾರ್ಮೋ ಎಕ್ಸ್‌ಪ್ರೆಸ್' ಎಂಬ ಹಡಗು ಆಸ್ಟ್ರೇಲಿಯಾದಿಂದ 57 ಸಾವಿರಕ್ಕೂ ಹೆಚ್ಚು ಕುರಿಗಳನ್ನು ಸೌದಿ ಅರೇಬಿಯಾಕ್ಕೆ ತಂದಿತು. ಬಾಯಿ ಹುಣ್ಣಿನ ರೋಗವಿದೆಯೆಂದು ಸೌದಿ ಅಧಿಕಾರಿಗಳು ಇಳಿಸಿಕೊಳ್ಳಲಿಲ್ಲ. ಬೇರೆ ದೇಶಗಳೂ ಒಪ್ಪಲಿಲ್ಲ. ಕೊನೆಗೆ ಎರಿಟ್ರಿಯಾ ಅವುಗಳನ್ನು ಪಡೆಯುವ ಹೊತ್ತಿಗೆ ಎರಡು ತಿಂಗಳು ಮೀರಿತ್ತು. 5 ಸಾವಿರಕ್ಕೂ ಹೆಚ್ಚು ಕುರಿಗಳು ಸತ್ತಿದ್ದವು. 2017ರ ಬೇಸಿಗೆಯಲ್ಲಿ ಇನ್ನೊಂದು ಹಡಗಿನಲ್ಲಿ ಸುಮಾರು 2,400 ಕುರಿಗಳು ಸೆಕೆ ತಾಳದೆ ಸತ್ತವು. ಆ ದೃಶ್ಯಗಳನ್ನು ಜಗತ್ತು ನೋಡಿತು. 2024ರಲ್ಲಿ ಆಸ್ಟ್ರೇಲಿಯಾ ಕಾನೂನು ಮಾಡಿ, 2028ರ ಮೇ 1ರಿಂದ ಜೀವಂತ ಕುರಿಗಳನ್ನು ಹಡಗಿನಲ್ಲಿ ಕಳಿಸುವುದನ್ನು ನಿಲ್ಲಿಸಲು ನಿರ್ಧರಿಸಿತು.

ಇದನ್ನು ಕೇಳಿ ಕೆಲವರು ಮುಸ್ಲಿಮರ ವಿರುದ್ಧ ಮಾಡಿದ ಕಾನೂನು ಎಂದರು. ನಾವು ಹಾಗೆ ನೋಡಬೇಕಿಲ್ಲ. ಹಸಿವು ಮತ್ತು ಅತಿಯಾದ ದುಡಿಮೆಯಿಂದ ನೊಂದ ಒಂಟೆಯ ಕಣ್ಣೀರು ಕಂಡು ಅದರ ಯಜಮಾನನಿಗೆ ಅಲ್ಲಾಹನ ಭಯವನ್ನು ನೆನಪಿಸಿದವರು ನಮ್ಮ ಪ್ರವಾದಿ(ಸ). ಚೂರಿ ಹರಿತವಾಗಿರಲಿ, ಪ್ರಾಣಿಗೆ ನೆಮ್ಮದಿ ಸಿಗಲಿ ಎಂದು ಆಜ್ಞಾಪಿಸಿದವರೂ ಅವರೇ. ಕೊನೆಯ ಗಳಿಗೆಯಲ್ಲಿ ಇಷ್ಟು ಕಾಳಜಿ ಕೇಳುವ ದೀನ್, ಮೂರು ವಾರದ ಕಡಲಯಾನದ ಯಾತನೆಯನ್ನು ಕಾಣದಂತಿರು ಎನ್ನುವುದೇ? ಆಹಾರದ ಬಗ್ಗೆ ಹೇಳುವಾಗ ಕುರ್‌ಆನ್ ಹಲಾಲ್ ಎಂಬ ಪದದ ಜೊತೆಗೆ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಆ ಎರಡನೆಯ ಪದ ನಮ್ಮಲ್ಲಿ ಮರೆತುಹೋಗುತ್ತಿದೆ.

ಒಳ್ಳೆಯ ಮಾದರಿಯೂ ನಮ್ಮ ಕಣ್ಣೆದುರಿಗಿದೆ. ಹಿಂದೆ ಮಿನಾದಲ್ಲಿ ಹಜ್ಜಿನ ಕುರ್ಬಾನಿಯ ಮಾಂಸ ಬಹಳಷ್ಟು ವ್ಯರ್ಥವಾಗುತ್ತಿತ್ತು. 1983ರಲ್ಲಿ ಸೌದಿ ಸರಕಾರ ಆರಂಭಿಸಿದ, ಇಸ್ಲಾಮಿಕ್ ಡೆವಲಪ್‌ಮೆಂಟ್ ಬ್ಯಾಂಕ್ ನಡೆಸಿಕೊಂಡು ಬಂದ ಯೋಜನೆಯಿಂದಾಗಿ ಆ ಮಾಂಸ ಹರಮ್‌ನ ಬಡವರಿಗೂ, ಹೆಪ್ಪುಗಟ್ಟಿಸಿ ಅನೇಕ ದೇಶಗಳ ಬಡವರಿಗೂ ತಲುಪುತ್ತಿದೆ. ಕೂಪನ್ ಕೊಂಡ ನಮ್ಮ ಹಾಜಿಗಳ ಕುರ್ಬಾನಿಯೂ ಅದರಲ್ಲಿ ಸೇರಿದೆ.

ಕುರಿಗಾಹಿಯ ಹಕ್ಕು

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಕುರಿ ಸಾಕುವವನಿದ್ದಾನೆ. ಸೋಮಾಲಿಯಾದ ಬಡ ಮುಸ್ಲಿಮರ ಬದುಕೇ ಕುರಿ, ಆಡುಗಳು. ಬರ್ಬೆರಾ ಬಂದರಿನಿಂದ ಹಜ್ಜಿಗಾಗಿ ಅವು ಸೌದಿಗೆ ಹೋಗುತ್ತವೆ. ರಿಫ್ಟ್ ವ್ಯಾಲಿ ಜ್ವರದ ಭಯದಿಂದ ಸೌದಿ 2000ರಲ್ಲಿ ಹಾಕಿದ ನಿಷೇಧ ತೆರವಾದದ್ದು 2009ರಲ್ಲಿ. ರೋಗ ತಡೆಯುವುದು ಅಗತ್ಯವೇ. ಆದರೆ ಒಂದೇ ಮಾರುಕಟ್ಟೆಯನ್ನು ನಂಬಿದವನ ಪಾಡು ಅಷ್ಟು ವರ್ಷ ಏನಾಗಿರಬೇಕು?

ನಮ್ಮ ಸುತ್ತಲಿನ ಕುರಿಗಾಹಿಯ ಪಾಡನ್ನೂ ನೋಡೋಣ. ಬಕ್ರೀದಿಗೆ ಮುಂಚೆ ದಲ್ಲಾಳಿಗಳು ಸಂತೆಗೆ ಬರುವ ದಾರಿಯಲ್ಲೇ ಅವನನ್ನು ತಡೆದು, ಅಂದಿನ ದರ ಅವನಿಗೆ ತಿಳಿಯುವ ಮೊದಲೇ ವ್ಯಾಪಾರ ಮುಗಿಸುವುದುಂಟು. ಸರಕು ತರುವವರನ್ನು ಮಾರುಕಟ್ಟೆಗೆ ಮೊದಲೇ ಅಡ್ಡಹೋಗಿ ಕೊಳ್ಳುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಹಾಗೆ ಮಾರಿಬಿಟ್ಟವನಿಗೆ, ಮಾರುಕಟ್ಟೆಗೆ ಬಂದ ಮೇಲೆ ಆ ವ್ಯಾಪಾರವನ್ನು ರದ್ದುಪಡಿಸುವ ಹಕ್ಕನ್ನೂ ಕೊಟ್ಟಿದ್ದಾರೆ. ಇಲ್ಲಿ ಕುರಿ ಮಾರುವವರಲ್ಲಿ ಬಹಳಷ್ಟು ಮಂದಿ ಕುರುಬ ಸಮುದಾಯದ ನಮ್ಮ ನೆರೆಯವರು. ಮಾರುವವನ ಧರ್ಮ ಯಾವುದಾದರೂ ಅವನ ಹಕ್ಕು ಹಕ್ಕೇ. ಸ್ವತಃ ಪ್ರವಾದಿ(ಸ) ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾಯ್ದವರು ಎಂಬುದನ್ನು ನೆನಪಿಡೋಣ.

ಆದ್ದರಿಂದ ಈ ಬಾರಿ ಕುರ್ಬಾನಿಗೆ ಕುರಿ ಕೊಳ್ಳುವಾಗ ಸಂತೆಯ ದರ ವಿಚಾರಿಸಿ, ಸಾಧ್ಯವಾದರೆ ತೂಕ ಹಾಕಿಸಿ, ಸಾಕಿದವನಿಂದಲೇ ನೇರವಾಗಿ ಕೊಳ್ಳಿ. ಟೆಂಪೋದಲ್ಲಿ ಕಾಲು ಕಟ್ಟಿ ಒಂದರ ಮೇಲೊಂದು ತುಂಬಿಸಬೇಡಿ. ಮನೆಗೆ ತಂದ ಮೇಲೆ ನೆರಳು, ನೀರು, ಮೇವು ಕೊಡಿ. ಒಂದು ಕುರಿಯ ಎದುರು ಇನ್ನೊಂದನ್ನು ಕೊಯ್ಯಬೇಡಿ. ಜಗತ್ತಿನ ಮಾರುಕಟ್ಟೆಯನ್ನು ತಿದ್ದಲು ನಮ್ಮಿಂದ ಆಗಲಿಕ್ಕಿಲ್ಲ; ನಮ್ಮ ಅಂಗಳಕ್ಕೆ ಬರುವ ಒಂದು ಕುರಿಯ ದಾರಿಯನ್ನು ಖಂಡಿತ ತಿದ್ದಬಹುದು. ಕುರ್ಬಾನಿಯಲ್ಲಿ ಅಲ್ಲಾಹನ ಬಳಿಗೆ ಸೇರುವುದು ನಮ್ಮ ತಕ್ವಾ ಎಂದು ಸೂರಃ ಅಲ್‌ಹಜ್ಜ್ ಕಲಿಸುತ್ತದೆ. ಆ ತಕ್ವಾ ಸಂತೆಯಲ್ಲೇ ಆರಂಭವಾಗಲಿ.

ಅಲ್ಲಾಹನು ನಮ್ಮ ಸಂಪಾದನೆಯಲ್ಲೂ ಆಹಾರದಲ್ಲೂ ಬರಕತ್ ನೀಡಲಿ, ನಮ್ಮ ಕುರ್ಬಾನಿಗಳನ್ನು ಸ್ವೀಕರಿಸಲಿ. ಆಮೀನ್.