ಗಣಿನೀರಿನಿಂದ ಕಲುಷಿತವಾದ ಸರೋವರಗಳಲ್ಲಿ ಲೋಹಗಳ ಚಕ್ರ

ಗಣಿಗಳಿಂದ ಹರಿದುಬರುವ ನೀರು ಹಾಗೂ ಅದಿರಿನ ತ್ಯಾಜ್ಯ ಸೇರಿದ ಸರೋವರಗಳಲ್ಲಿ ಸೀಸ, ಸತು, ಕ್ಯಾಡ್ಮಿಯಂ, ಆರ್ಸೆನಿಕ್ ಮುಂತಾದ ಧಾತುಗಳು ನೀರು ಮತ್ತು ತಳದ ಹೂಳಿನ ನಡುವೆ ಮತ್ತೆ ಮತ್ತೆ ಸ್ಥಾನ ಬದಲಿಸುತ್ತವೆ. ಈ ಚಲನೆಯೇ ಲೋಹಗಳ ಚಕ್ರ. ಸಾವಯವ ಕಲ್ಮಶಗಳಂತೆ ಲೋಹಗಳು ಕೊಳೆತು ನಾಶವಾಗುವುದಿಲ್ಲ. ಅವುಗಳ ರಾಸಾಯನಿಕ ರೂಪ ಮಾತ್ರ ಬದಲಾಗುತ್ತದೆ. ಆದುದರಿಂದ ಗಣಿ ಮುಚ್ಚಿದ ಎಷ್ಟೋ ವರ್ಷಗಳ ಅನಂತರವೂ ಅಪಾಯ ಉಳಿದಿರುತ್ತದೆ.

ನೀರಿನಿಂದ ತಳಕ್ಕೆ

ಅದಿರಿನೊಡನೆ ಇರುವ ಪೈರೈಟ್ ಎಂಬ ಕಬ್ಬಿಣದ ಸಲ್ಫೈಡ್ ಖನಿಜವು ಗಾಳಿ ಮತ್ತು ನೀರಿನ ಸಂಪರ್ಕಕ್ಕೆ ಬಂದಾಗ ಗಂಧಕಾಮ್ಲ ಉಂಟಾಗುತ್ತದೆ. ಈ ಆಮ್ಲವು ಬಂಡೆಯಲ್ಲಿರುವ ಲೋಹಗಳನ್ನು ಕರಗಿಸುತ್ತದೆ. ಮುಂದೆ ಹರಿದು ನೀರಿನ ಆಮ್ಲೀಯತೆ ತಗ್ಗಿದಾಗ ಕಬ್ಬಿಣವು ತುಕ್ಕಿನ ಬಣ್ಣದ ಕಣಗಳಾಗಿ ಬೇರ್ಪಡುತ್ತದೆ. ಸೀಸ ಮತ್ತು ಆರ್ಸೆನಿಕ್ ಈ ಕಣಗಳಿಗೆ ಬಲವಾಗಿಯೂ ಸತು ಮತ್ತು ಕ್ಯಾಡ್ಮಿಯಂ ಕಡಿಮೆ ಪ್ರಮಾಣದಲ್ಲಿಯೂ ಅಂಟಿಕೊಂಡು ತಳ ಸೇರುತ್ತವೆ.

ತಳದಿಂದ ಮತ್ತೆ ನೀರಿಗೆ

ಹೂಳಿನ ಒಳಪದರಗಳಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಕಬ್ಬಿಣದ ಆಕ್ಸೈಡನ್ನು ಬಳಸುತ್ತವೆ. ಆಗ ಕಬ್ಬಿಣ ಕರಗಿ, ಅದಕ್ಕೆ ಅಂಟಿದ್ದ ಲೋಹಗಳು ಬಿಡುಗಡೆಯಾಗುತ್ತವೆ. ಕರಗಿದ ಕಬ್ಬಿಣವು ಮೇಲೇರಿ, ಆಮ್ಲಜನಕವಿರುವ ಪದರದಲ್ಲಿ ಪುನಃ ಕಣರೂಪ ತಾಳಿ ಲೋಹಗಳನ್ನು ಹಿಡಿದಿಡುತ್ತದೆ. ತಳದ ನೀರಿನಲ್ಲಿಯೇ ಆಮ್ಲಜನಕ ಮುಗಿದರೆ ಈ ತಡೆ ಇಲ್ಲವಾಗುತ್ತದೆ. ಇನ್ನು ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡ್ ಆಗಿ ಮಾರ್ಪಡಿಸುತ್ತವೆ. ಸತು, ಸೀಸ, ಕ್ಯಾಡ್ಮಿಯಂಗಳು ಸಲ್ಫೈಡ್‌ನೊಡನೆ ಕೂಡಿ ಕರಗದ ಖನಿಜಗಳಾಗುತ್ತವೆ. ಆದರೆ ಹೂಳು ಕದಡಿ ಆಮ್ಲಜನಕ ತಗುಲಿದರೆ ಇವೂ ಕರಗಬಲ್ಲವು.

ಕೋರ್ ಡಲೇನ್ ಸರೋವರ

ಅಮೆರಿಕದ ಐಡಾಹೊ ರಾಜ್ಯದ ಈ ಸರೋವರವು ಪ್ರಮುಖ ನಿದರ್ಶನವಾಗಿದೆ. ಇದಕ್ಕೆ ಸೇರುವ ನದಿಯ ಕಣಿವೆಯಲ್ಲಿ 1880ರ ದಶಕದಿಂದ ಬೆಳ್ಳಿ, ಸೀಸ ಮತ್ತು ಸತುವಿನ ಗಣಿಗಾರಿಕೆ ನಡೆಯಿತು. 1968ರವರೆಗೂ ಅದಿರಿನ ತ್ಯಾಜ್ಯವನ್ನು ನೇರವಾಗಿ ನದಿಗೆ ಬಿಡಲಾಗುತ್ತಿತ್ತು. ಸರೋವರದ ತಳದಲ್ಲಿ ಸುಮಾರು 7.5 ಕೋಟಿ ಟನ್ ಲೋಹಮಿಶ್ರಿತ ಹೂಳು ಇದೆಯೆಂದು ಅಂದಾಜಿಸಲಾಗಿದೆ. ನದಿಬಯಲಿನ ಜೌಗು ಪ್ರದೇಶಗಳಲ್ಲಿ ಸೀಸಭರಿತ ಕೆಸರನ್ನು ನುಂಗಿ ಟಂಡ್ರಾ ಹಂಸಗಳು ಸಾಯುತ್ತವೆ. 1983ರಲ್ಲಿ ಇಲ್ಲಿನ ಬಂಕರ್ ಹಿಲ್ ಪ್ರದೇಶವನ್ನು ಸೂಪರ್‌ಫಂಡ್ ಶುದ್ಧೀಕರಣ ಪಟ್ಟಿಗೆ ಸೇರಿಸಲಾಯಿತು.

ನೀರಿನಲ್ಲಿ ಕರಗಿದ ಸತುವು ಪಾಚಿಯ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ. ಶುದ್ಧೀಕರಣದಿಂದ ಸತು ಕಡಿಮೆಯಾಗುತ್ತ, ಕೃಷಿ ಮತ್ತು ವಸತಿಪ್ರದೇಶಗಳಿಂದ ರಂಜಕ ಬರುತ್ತಿದ್ದರೆ ಪಾಚಿ ಹೆಚ್ಚಬಹುದು. ಸತ್ತ ಪಾಚಿ ತಳದಲ್ಲಿ ಕೊಳೆಯುವಾಗ ಆಮ್ಲಜನಕ ವ್ಯಯವಾಗಿ, ಹೂಳಿನ ಲೋಹಗಳು ಮತ್ತೆ ನೀರಿಗೆ ಸೇರುವ ಸಂಭವವಿದೆ. ಆದುದರಿಂದಲೇ ಐಡಾಹೊ ರಾಜ್ಯ ಮತ್ತು ಕೋರ್ ಡಲೇನ್ ಬುಡಕಟ್ಟು 2009ರಲ್ಲಿ ರೂಪಿಸಿದ ಸರೋವರ ನಿರ್ವಹಣಾ ಯೋಜನೆಯು, ಹೂಳನ್ನು ತೆಗೆಯುವುದಕ್ಕಿಂತ ಪೋಷಕಾಂಶಗಳ ಒಳಹರಿವನ್ನು ತಡೆಯುವುದಕ್ಕೆ ಆದ್ಯತೆ ನೀಡುತ್ತದೆ.