ಕಪ್ ಯಾರದು, ತಂಡ ಯಾರದು

ಮಲೆಬೆನ್ನೂರಿನಿಂದ ಹರಿಹರ ದಾಟಿ ದಾವಣಗೆರೆಗೆ ಹೋಗುವ ಬಸ್ಸಿನಲ್ಲಿ ಕ್ರಿಕೆಟ್ ಮಾತು ಎದ್ದರೆ ಬೌಲರ್ ಆರ್. ವಿನಯ್ ಕುಮಾರ್ ಹೆಸರು ಬಾರದೆ ಇರುವುದಿಲ್ಲ. 'ದಾವಣಗೆರೆ ಎಕ್ಸ್‌ಪ್ರೆಸ್' ನಮ್ಮೋನು ಎಂಬ ಅಭಿಮಾನ ಮೊದಲು. ಅದರ ಬೆನ್ನಿಗೇ, "ಒಂಬತ್ತು ಓವರಿಗೆ ನೂರಾ ಎರಡು ಕೊಟ್ಟೋನಲ್ವಾ" ಎಂಬ ಕುಟುಕು.

ಆ ಲೆಕ್ಕ ನಿಜ. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಎದುರು ವಿನಯ್ 9 ಓವರುಗಳಲ್ಲಿ 102 ರನ್ ಕೊಟ್ಟರು. ಪಂದ್ಯವನ್ನು ಭಾರತವೇ ಗೆದ್ದಿತು, ಆದರೆ ಆಮೇಲೆ ಅವರು ಭಾರತದ ಪರ ಏಕದಿನ ಪಂದ್ಯ ಆಡಲಿಲ್ಲ. ಟೆಸ್ಟ್ ಆಡಿದ್ದೂ ಒಂದೇ, 2012ರಲ್ಲಿ ಪರ್ತ್‌ನಲ್ಲಿ. ಹಾಗಾದರೆ ಅವರನ್ನು ತೂಗಬೇಕಾದ ತಕ್ಕಡಿ ಇದೇನಾ?

ಅಮೆರಿಕದವರಿಗೂ ಇಂಥದೇ ಜಗಳವಿದೆ. ಅವರ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತ ಪ್ರತಿ ದಾಳಿಯಲ್ಲೂ ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯಬೇಕೆಂದು ಕ್ಷಣದಲ್ಲೇ ತೀರ್ಮಾನಿಸುತ್ತಾನೆ. ಗೆದ್ದರೆ ಹೊಗಳಿಕೆ, ಸೋತರೆ ಬೈಗುಳ, ಎರಡೂ ಅವನ ತಲೆಗೇ. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಏಳು ಸೂಪರ್ ಬೌಲ್, ಅಂದರೆ ಅಲ್ಲಿನ ಏಳು ಲೀಗ್ ಫೈನಲ್, ಗೆದ್ದರು, ಆರು ಒಂದು ತಂಡಕ್ಕೆ, ಒಂದು ಇನ್ನೊಂದಕ್ಕೆ. ಡ್ಯಾನ್ ಮರೀನೊ ಚೆಂಡು ಎಸೆಯುವುದರಲ್ಲಿ ದಾಖಲೆಗಳನ್ನೇ ಬರೆದರೂ ಒಂದು ಸೂಪರ್ ಬೌಲನ್ನೂ ಗೆಲ್ಲಲಿಲ್ಲ. ಕಪ್ ಎಣಿಸಿದರೆ ಮರೀನೊಗೆ ಸೊನ್ನೆ. ಆಟ ನೋಡಿದವರು ಆ ಸೊನ್ನೆಯನ್ನು ಒಪ್ಪುವುದಿಲ್ಲ.

ವಿನಯ್ ವಿಷಯದಲ್ಲಿ ಕಪ್ ಎಣಿಸಲು ಕೂತರೂ ಕೈ ತುಂಬುತ್ತದೆ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ ರಣಜಿ ಫೈನಲನ್ನು ಮುಂಬೈಗೆ ಬರೀ ಆರು ರನ್ನಿಂದ ಬಿಟ್ಟುಕೊಟ್ಟಿತ್ತು. 1998-99ರ ನಂತರ ಟ್ರೋಫಿ ನಮ್ಮ ಕಡೆ ಬಂದಿರಲೇ ಇಲ್ಲ. ಆ ಬರವನ್ನು ನೀಗಿಸಿದ್ದು ವಿನಯ್ ನಾಯಕತ್ವದ ತಂಡ, ಅದೂ ಬೆಂಗಳೂರಿನ ಆ 102 ರನ್ನಿನ ರಾತ್ರಿ ಕಳೆದು ಮೂರೇ ತಿಂಗಳಿಗೆ. ಮರುವರ್ಷ ವಾಂಖೆಡೆಯಲ್ಲಿ ತಮಿಳುನಾಡು ಎದುರಿನ ಫೈನಲ್. ವಿನಯ್ 34 ರನ್ನಿಗೆ ಐದು ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಮುಗಿಸಿದರು. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188 ಹೊಡೆದ ಅದೇ ಇನಿಂಗ್ಸಿನಲ್ಲಿ ತಾವೂ ಅಜೇಯ 105 ಸೇರಿಸಿದರು. ಆ ಎರಡು ಸಾಲುಗಳಲ್ಲೂ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕರ್ನಾಟಕಕ್ಕೆ ಬಂದವು. ಪ್ರಥಮ ದರ್ಜೆಯಲ್ಲಿ ವಿನಯ್ ಪಡೆದ ವಿಕೆಟ್ 504. ಭಾರಿ ವೇಗವಿಲ್ಲದ ಬೌಲರ್ ಇಷ್ಟು ವಿಕೆಟ್ ಗಳಿಸಬೇಕಾದರೆ ದಿನವಿಡೀ ಒಂದೇ ಜಾಗಕ್ಕೆ ಚೆಂಡು ಹಾಕುವ ತಾಳ್ಮೆ ಬೇಕು. ಆ ತಾಳ್ಮೆಯನ್ನು ಟಿವಿಯಲ್ಲಿ ಕಂಡವರು ಕಡಿಮೆ, 102 ರನ್ನನ್ನು ದೇಶವೇ ಕಂಡಿತು.

ಐಪಿಎಲ್‌ನ ಲೋಕವೇ ಬೇರೆ. ಅಲ್ಲಿ ತಂಡಕ್ಕೆ ಮಾಲೀಕರಿದ್ದಾರೆ. 2011ರಲ್ಲಿ ವಿನಯ್ ಕೊಚ್ಚಿ ತಂಡದಲ್ಲಿದ್ದರು. ಆ ತಂಡವನ್ನು 33 ಕೋಟಿ 33 ಲಕ್ಷ ಡಾಲರಿಗೆ ಕೊಂಡವರು ಬ್ಯಾಂಕ್ ಖಾತರಿ ಕಟ್ಟಲಿಲ್ಲವೆಂದು ಮಂಡಳಿ ಒಂದೇ ವರ್ಷಕ್ಕೆ ತಂಡವನ್ನೇ ರದ್ದು ಮಾಡಿತು. ಆಟಗಾರರು ಮತ್ತೆ ಹರಾಜಿಗೆ ಬಂದರು, 2012ರಲ್ಲಿ ಬೆಂಗಳೂರು ತಂಡ ವಿನಯ್ ಅವರನ್ನು 10 ಲಕ್ಷ ಡಾಲರಿಗೆ ಕರೆದುಕೊಂಡಿತು.

ಬೆಂಗಳೂರು ತಂಡವನ್ನು 2008ರಲ್ಲಿ ವಿಜಯ್ ಮಲ್ಯ ಅವರ ಸಮೂಹ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡಿತ್ತು. ಮುಂದೆ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ಡಿಯಾಜಿಯೊ ಕೈಸೇರಿದಾಗ ತಂಡವೂ ಅದರ ಜೊತೆ ಹೋಯಿತು. ಹದಿನೇಳು ಸಾಲು ಕಪ್ ಬರಲಿಲ್ಲ, ಬೆಲೆ ಮಾತ್ರ ಏರುತ್ತಲೇ ಇತ್ತು. ಕಾರಣ ಸರಳ. 2023ರಿಂದ ಐದು ವರ್ಷದ ಪ್ರಸಾರ ಹಕ್ಕು ಸುಮಾರು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು, ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಆಟಗಾರರ ಮೇಲಿನ ಖರ್ಚಿಗೆ ಮಿತಿ ಇದೆ, 2025ರ ಸಾಲಿನ ಹರಾಜಿಗೆ ಅದು 120 ಕೋಟಿ. ಭತ್ತ ನಾಟಿಗೆ ಮೊದಲೇ ರೇಟು ಗೊತ್ತಾದ ರೈತ ಎಲ್ಲಾದರೂ ಇದ್ದಾನೆಯೇ? ತಂಡದ ಮಾಲೀಕರಿಗೆ ಅಂಥ ನೆಮ್ಮದಿ ಇದೆ. 2025ರ ಜೂನ್ 3ರಂದು ಬೆಂಗಳೂರು ಕಪ್ ಗೆದ್ದಿತು, ಅದೂ ಆರೇ ರನ್ನಿಂದ. ಮರುದಿನ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಅಭಿಮಾನಿಗಳು ಸತ್ತರು. ಆ ನೋವನ್ನು ಬಿಟ್ಟು ಈ ಗೆಲುವಿನ ಮಾತಾಡಲು ನನಗಾಗದು. ಅದೇ ವರ್ಷದ ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್, ತಂಡದ ಮೇಲಿನ ಹೂಡಿಕೆಯನ್ನು ಮರುಪರಿಶೀಲಿಸುತ್ತಿದ್ದೇವೆ ಎಂದು ಷೇರುಪೇಟೆಗೆ ತಿಳಿಸಿತು.

ಮಾಲೀಕರಿಲ್ಲದ ತಂಡ ಇರಲಾರದೇ? ಅಮೆರಿಕದ ಗ್ರೀನ್ ಬೇ ಪ್ಯಾಕರ್ಸ್ ಫುಟ್‌ಬಾಲ್ ತಂಡ ಲಕ್ಷಾಂತರ ಜನರ ಕೈಯಲ್ಲಿದೆ. ಆ ಷೇರಿಗೆ ಲಾಭಾಂಶವಿಲ್ಲ, ಮತದಾನದ ಹಕ್ಕು ಇದೆ. ನಮ್ಮೂರ ಸೊಸೈಟಿಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕದ ರಣಜಿ ತಂಡಕ್ಕೂ ಧಣಿಯಿಲ್ಲ, ಅದು ರಾಜ್ಯ ಕ್ರಿಕೆಟ್ ಸಂಸ್ಥೆಯದು. 2010ರಲ್ಲಿ ಅಲ್ಲಿನ ಸದಸ್ಯರು ಅನಿಲ್ ಕುಂಬ್ಳೆಯನ್ನು ಅಧ್ಯಕ್ಷರನ್ನಾಗಿ, ಜಾವಗಲ್ ಶ್ರೀನಾಥ್ ಅವರನ್ನು ಕಾರ್ಯದರ್ಶಿಯಾಗಿ ಆರಿಸಿದರು. ವಿನಯ್ ಅವರ ಗೆಲ್ಲುವ ತಂಡ ಬೆಳೆದದ್ದು ಆ ವರ್ಷಗಳಲ್ಲೇ.

ದಾವಣಗೆರೆಗೂ ಒಂದು ತಂಡವಿತ್ತು. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ ದಾವಣಗೆರೆ ಡೈಮಂಡ್ಸ್ ಆಡಿತ್ತು. ನಡುವೆ ನಿಂತಿದ್ದ ಲೀಗ್ 2014ರಲ್ಲಿ ಮತ್ತೆ ಶುರುವಾದಾಗ ನಮ್ಮ ಊರಿನ ಹೆಸರು ಪಟ್ಟಿಯಲ್ಲಿರಲಿಲ್ಲ. 2019ರಲ್ಲಿ ಫಿಕ್ಸಿಂಗ್ ಆರೋಪದ ಮೇಲೆ ಒಂದು ತಂಡದ ಮಾಲೀಕರನ್ನೇ ಪೊಲೀಸರು ಬಂಧಿಸಿದರು, ಲೀಗೂ ಅಲ್ಲಿಗೆ ನಿಂತಿತು. ಡೈಮಂಡ್ಸ್ ಹೆಸರು ಈಗ ಎಷ್ಟು ಜನರ ನೆನಪಿನಲ್ಲಿದೆಯೋ. ಬಸ್ಸಿನಲ್ಲಿ ಇನ್ನೊಮ್ಮೆ ಯಾರಾದರೂ ಆ 102ನ್ನು ಎತ್ತಿದರೆ, ವಾಂಖೆಡೆಯ ಆ ಐದು ವಿಕೆಟ್ಟನ್ನೂ ನೂರಾ ಐದನ್ನೂ ಹೇಳಿ ಮುಗಿಸುವವರೆಗೆ ನಾನಂತೂ ಇಳಿಯುವುದಿಲ್ಲ.